ತಂಡ ಎರಡು, ಹೆಗಲು ಒಂದೇ

‘ಎರಡೂ ಟೀಮ್‌ನಲ್ಲಿ ಇದ್ದೀಯಾ? ಗ್ರೇಟ್ ಕಣೇ!’

ಕಳೆದ ವರ್ಷ ಕ್ಯಾಂಟೀನ್‌ನಲ್ಲಿ ಯಾರಾದರೂ ಹೀಗೆ ಹೇಳಿದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅಂತರ ಕಾಲೇಜು ಯುವಜನೋತ್ಸವಕ್ಕೆ ಹೊರಟಿದ್ದ ನಮ್ಮ ಕಾಲೇಜಿನ ಹುಡುಗಿಯರ ಡೊಳ್ಳು ಕುಣಿತ ತಂಡದಲ್ಲೂ ನಾನಿದ್ದೆ, ವೆಸ್ಟರ್ನ್ ಗ್ರೂಪ್ ಡ್ಯಾನ್ಸ್ ತಂಡದಲ್ಲೂ ಇದ್ದೆ. ಮಧ್ಯಾಹ್ನ ಲ್ಯಾಬ್ ಮುಗಿಸಿ ಒಂದು ಪ್ರಾಕ್ಟೀಸ್, ಸಂಜೆ ಇನ್ನೊಂದು. ರೆಸ್ಯೂಮೆಯಲ್ಲಿ ಒಂದು ಸಾಲಿನ ಬದಲು ಎರಡು ಸಾಲು. ಬಿ.ಇ. ಓದುವವರಿಗೆ ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡಿದ್ದೆ.

ಆ ದಿನಗಳಲ್ಲೇ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಜೊತೆ ಕೂತು ನೆಟ್‌ಫ್ಲಿಕ್ಸ್‌ನಲ್ಲಿ ‘ಚಿಯರ್’ ಸರಣಿ ನೋಡಿದೆ. 2020ರಲ್ಲಿ ಬಂದ ಈ ಸಾಕ್ಷ್ಯಚಿತ್ರ ಸರಣಿ ಅಮೆರಿಕದ ಟೆಕ್ಸಾಸ್ ರಾಜ್ಯದ ಕಾರ್ಸಿಕಾನಾ ಎಂಬ ಸಣ್ಣ ಊರಿನ ನವಾರೋ ಕಾಲೇಜಿನ ಚಿಯರ್‌ಲೀಡಿಂಗ್ ತಂಡದ ಕಥೆ. ಅಲ್ಲಿಯವರೆಗೆ ಚಿಯರ್‌ಲೀಡಿಂಗ್ ಎಂದರೆ ನನಗೆ ಬೌಂಡರಿ ಬಿದ್ದಾಗ ಗೆರೆಯಾಚೆ ಕುಣಿಯುವವರು ಅಷ್ಟೇ. 2008ರಲ್ಲಿ ಮೊದಲ ಐಪಿಎಲ್ ಶುರುವಾದಾಗ ಬೆಂಗಳೂರಿನ ತಂಡಕ್ಕಾಗಿ ಅಮೆರಿಕದ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದಿದ್ದರು. ನಮ್ಮವರ ಕಣ್ಣಲ್ಲಿ ಉಳಿದಿರುವುದು ಆ ಚಿತ್ರವೇ.

ಆದರೆ ಸ್ಪರ್ಧೆಯ ಚಿಯರ್‌ಲೀಡಿಂಗ್ ಬೇರೆಯೇ ಆಟ. ಅಲ್ಲಿ ಹುರಿದುಂಬಿಸಲು ಬೇರೆ ತಂಡ ಇರುವುದಿಲ್ಲ. ಚಿಯರ್ ತಂಡವೇ ಆಟಗಾರರ ತಂಡ. 54 ಅಡಿ ಉದ್ದ, 42 ಅಡಿ ಅಗಲದ ಮ್ಯಾಟ್ ಮೇಲೆ ಎರಡೂವರೆ ನಿಮಿಷದ ಪ್ರದರ್ಶನ. ಪಲ್ಟಿ, ಜಿಗಿತ, ಕುಣಿತ, ಮನುಷ್ಯರನ್ನು ಎತ್ತಿ ನಿಲ್ಲಿಸುವ ಸ್ಟಂಟ್, ಪಿರಮಿಡ್, ಎಲ್ಲಕ್ಕೂ ಅಂಕ. ಶಾಲೆ, ಕಾಲೇಜುಗಳ ತಂಡಗಳಲ್ಲದೆ ಖಾಸಗಿ ಜಿಮ್‌ಗಳ ‘ಆಲ್ ಸ್ಟಾರ್’ ತಂಡಗಳೂ ಇವೆ. ಅವುಗಳ ವಿಶ್ವ ಮಟ್ಟದ ಸ್ಪರ್ಧೆ 2004ರಿಂದ ಫ್ಲಾರಿಡಾದ ಒರ್ಲಾಂಡೊದಲ್ಲಿ ನಡೆಯುತ್ತಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2021ರಲ್ಲಿ ಈ ಕ್ರೀಡೆಯ ವಿಶ್ವ ಒಕ್ಕೂಟಕ್ಕೆ ಪೂರ್ಣ ಮಾನ್ಯತೆಯನ್ನೂ ಕೊಟ್ಟಿತು.

ಸರಣಿ ಮುಗಿದ ಮೇಲೆ ಈ ಆಟದ ಬಗ್ಗೆ ಓದುತ್ತಾ ಹೋದಾಗ ಒಂದು ಪದ ಸಿಕ್ಕಿತು: ‘ಕ್ರಾಸ್‌ಓವರ್’. ಒಂದೇ ಋತುವಿನಲ್ಲಿ ಎರಡು ತಂಡಗಳಲ್ಲಿ ಸ್ಪರ್ಧಿಸುವವರನ್ನು ಹಾಗೆ ಕರೆಯುತ್ತಾರೆ. ಅರೆ, ಇದು ನಾನೇ ಅಲ್ಲವೇ ಅನಿಸಿತು.

ಕ್ರಾಸ್‌ಓವರ್ ಆಗಲು ಕಾರಣಗಳು ಹಲವು. ಸಣ್ಣ ಜಿಮ್‌ಗಳಲ್ಲಿ ಜನ ಸಾಲುವುದಿಲ್ಲ, ಇದ್ದವರೇ ಎರಡು ತಂಡ ತುಂಬಬೇಕು. ಒಬ್ಬಳಿಗೆ ಪಲ್ಟಿ ಚೆನ್ನಾಗಿ ಬರುತ್ತದೆ, ಸ್ಟಂಟ್ ಇನ್ನೂ ಬರುವುದಿಲ್ಲ. ಅಂಥವಳು ಮೇಲಿನ ಹಂತದ ತಂಡದಲ್ಲಿ ಒಂದನ್ನು ಮಾಡುತ್ತಾ, ಕೆಳಗಿನ ಹಂತದ ತಂಡದಲ್ಲಿ ಇನ್ನೊಂದನ್ನು ಕಲಿಯುತ್ತಾಳೆ. ಕಿರಿಯರ ತಂಡದಲ್ಲಿ ಬೇರೆಯವರನ್ನು ಎತ್ತುವ ಹುಡುಗಿ ಹಿರಿಯರ ತಂಡದಲ್ಲಿ ತಾನೇ ಮೇಲೇರಬಹುದು. ಎತ್ತುವವರ ಕಷ್ಟ ಏನು, ಏರುವವರ ಭಯ ಏನು ಎರಡೂ ಅವಳಿಗೆ ಗೊತ್ತಾಗುತ್ತದೆ. ಇದೆಲ್ಲ ಒಳ್ಳೆಯದೇ. ಎರಡು ತಂಡದಲ್ಲಿರುವುದೇ ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ.

ಆದರೆ ನಾನು ಗಮನಿಸಬೇಕಾಗಿದ್ದ ವಿಷಯ ಬೇರೆ ಇತ್ತು. ಚಿಯರ್‌ಲೀಡಿಂಗ್‌ನಲ್ಲಿ ಮೇಲೇರುವ ‘ಫ್ಲೈಯರ್’ ಒಬ್ಬಳಿಗೆ ಕೆಳಗೆ ಸಾಮಾನ್ಯವಾಗಿ ಇಬ್ಬರು ‘ಬೇಸ್’, ಹಿಂದೆ ಒಬ್ಬರು ‘ಬ್ಯಾಕ್ ಸ್ಪಾಟ್’. ಈ ಮೂವರಲ್ಲಿ ಒಬ್ಬರು ಅರ್ಧ ಕ್ಷಣ ತಡ ಮಾಡಿದರೂ ಪೆಟ್ಟು ತಿನ್ನುವುದು ನಾಲ್ಕನೆಯವಳು. ಕ್ರಿಕೆಟ್‌ನಲ್ಲಿ ನಾನು ಸುಸ್ತಾಗಿ ಆಡಿದರೆ ಹೋಗುವುದು ಬಹುತೇಕ ನನ್ನ ವಿಕೆಟ್. ಇಲ್ಲಿ ನಾನು ಸುಸ್ತಾಗಿದ್ದರೆ ಬೀಳುವುದು ಇನ್ನೊಬ್ಬಳು.

ನಮ್ಮ ಡೊಳ್ಳು ಕುಣಿತವೂ ಹಾಗೆಯೇ. ಬೀರೇಶ್ವರನ ಆರಾಧನೆಯಿಂದ ಬಂದ ಈ ಕಲೆಯಲ್ಲಿ ಬಡಿತ, ಹೆಜ್ಜೆಗಳ ಜೊತೆಗೆ ಒಬ್ಬರ ಮೇಲೊಬ್ಬರು ಹತ್ತಿ ನಿಂತು ಡೊಳ್ಳು ಬಾರಿಸುವುದೂ ಉಂಟು. ಚಪ್ಪಾಳೆ ಜೋರಾಗಿ ಬೀಳುವುದು ಅಲ್ಲೇ. ನಮ್ಮ ತಂಡದಲ್ಲಿ ನಾನು ಕೆಳಸಾಲು. ನನ್ನ ಹೆಗಲ ಮೇಲೆ ಒಂದು ಕಾಲು, ಪಕ್ಕದವಳ ಹೆಗಲ ಮೇಲೆ ಇನ್ನೊಂದು ಕಾಲಿಟ್ಟು ನಿಲ್ಲುತ್ತಿದ್ದುದು ಮೊದಲ ವರ್ಷದ ಒಬ್ಬ ತೆಳ್ಳಗಿನ ಹುಡುಗಿ.

ಸ್ಪರ್ಧೆಗೆ ನಾಲ್ಕು ದಿನ ಉಳಿದಿತ್ತು. ಅವತ್ತು ಮಧ್ಯಾಹ್ನ ವೆಸ್ಟರ್ನ್ ತಂಡದವರು ಇಡೀ ಪ್ರದರ್ಶನವನ್ನು ಮೂರು ಸಲ ಮಾಡಿಸಿದ್ದರು. ನನ್ನ ತೊಡೆ ನಡುಗುತ್ತಿತ್ತು. ಡೊಳ್ಳು ಪ್ರಾಕ್ಟೀಸ್‌ಗೆ ಇಪ್ಪತ್ತು ನಿಮಿಷ ತಡವಾಗಿ ಓಡಿ ಬಂದೆ. ತಡವಾಗಿದ್ದಕ್ಕೆ ಆಗಲೇ ಮುಖ ಕೆಂಪಗಾಗಿತ್ತು, ಇನ್ನು ‘ಸುಸ್ತಾಗಿದೆ’ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ‘ಯಾರು ನಿನಗೆ ಎರಡೆರಡು ಟೀಮ್ ಸೇರು ಅಂದಿದ್ದು’ ಎಂದಾರು ಎಂಬ ಅಳುಕು. ಸುಮ್ಮನೆ ಹೋಗಿ ನನ್ನ ಜಾಗದಲ್ಲಿ ನಿಂತೆ.

ಅವಳು ಹತ್ತಿ ನಿಂತಳು. ಎರಡು ಬಡಿತ ಆಗುವಷ್ಟರಲ್ಲಿ ನನ್ನ ಮಂಡಿ ಮಡಚಿತು. ಅವಳು ಪಕ್ಕಕ್ಕೆ ಬಿದ್ದು ಕೈ ಊರಿದಳು. ಬಲ ಮಣಿಕಟ್ಟಿನಲ್ಲಿ ಮುರಿತ. ಮುಂದಿನ ವಾರ ಅವಳಿಗೆ ಇಂಟರ್ನಲ್ಸ್ ಇತ್ತು.

ನಾವು ಪಿರಮಿಡ್ ಇಲ್ಲದೇ ಸ್ಪರ್ಧೆಗೆ ಹೋದೆವು, ಬಹುಮಾನ ಬರಲಿಲ್ಲ. ಅದು ದೊಡ್ಡ ವಿಷಯವಲ್ಲ. ಕೈಗೆ ಬ್ಯಾಂಡೇಜ್ ಹಾಕಿಕೊಂಡು ಕೂತಿದ್ದ ಆ ಹುಡುಗಿಯನ್ನು ನೋಡಲು ಹೋದಾಗ ಅವಳು ಬೈಯಲಿಲ್ಲ. ‘ಅಕ್ಕಾ, ಸುಸ್ತಾಗಿದೆ ಅಂತ ಹೇಳಿದ್ದರೆ ನಾನು ಹತ್ತುತ್ತಲೇ ಇರಲಿಲ್ಲ’ ಎಂದಳಷ್ಟೇ. ಬೈದಿದ್ದರೇ ವಾಸಿಯಿತ್ತು.

ಆಮೇಲೆ ತುಂಬ ಯೋಚಿಸಿದೆ. ನನ್ನ ತಪ್ಪು ಎರಡು ತಂಡ ಸೇರಿದ್ದಲ್ಲ. ಒಂದು ತಂಡದಲ್ಲಿ ಎಷ್ಟು ಖರ್ಚಾಗಿ ಬಂದಿದ್ದೇನೆ ಎಂಬುದನ್ನು ಇನ್ನೊಂದು ತಂಡಕ್ಕೆ ಹೇಳದೇ ಇದ್ದದ್ದು. ಅಮೆರಿಕದ ಜಿಮ್‌ಗಳ ಕ್ರಾಸ್‌ಓವರ್‌ಗೂ ನನಗೂ ಇದ್ದ ವ್ಯತ್ಯಾಸ ಇದೇ. ಅಲ್ಲಿ ಸಾಮಾನ್ಯವಾಗಿ ಎರಡೂ ತಂಡ ಒಂದೇ ಜಿಮ್‌ನವು. ಯಾರು ಯಾವ ಎರಡು ತಂಡದಲ್ಲಿದ್ದಾರೆ ಎಂಬುದು ಕೋಚ್‌ಗಳಿಗೆ ಗೊತ್ತು, ಅದನ್ನು ನೋಡಿಕೊಂಡೇ ಪ್ರಾಕ್ಟೀಸ್ ಸಮಯ ಹೊಂದಿಸಬಹುದು. ಹಾಗಿದ್ದೂ ಅಲ್ಲಿ ಪೆಟ್ಟಾಗುವುದಿಲ್ಲ ಎಂದಲ್ಲ. ಆದರೆ ಕ್ರಾಸ್‌ಓವರ್ ಎಂಬುದು ಗುಟ್ಟಲ್ಲ. ನಮ್ಮಲ್ಲಿ ಎರಡು ತಂಡಗಳ ಕ್ಯಾಪ್ಟನ್‌ಗಳು ಒಂದು ದಿನವೂ ಕೂತು ಮಾತಾಡಿರಲಿಲ್ಲ. ನಾನೂ ಮಾತಾಡಿಸಿರಲಿಲ್ಲ.

ಕೆಲಸ ಹುಡುಕುತ್ತಿರುವ ಸೀನಿಯರ್‌ಗಳಿಗೆ ಈ ಮಾತು ಹೊಸದಲ್ಲ. 2022ರಲ್ಲಿ ಐಟಿ ವಲಯದಲ್ಲಿ ‘ಮೂನ್‌ಲೈಟಿಂಗ್’ ಚರ್ಚೆ ಎದ್ದಿದ್ದು ನೆನಪಿರಬಹುದು. ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ತೆಗೆದಿದ್ದೇವೆ ಎಂದು ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಹೇಳಿದ್ದರು. ನಂತರ ಕೆಲವು ಕಂಪನಿಗಳು ಮೊದಲೇ ಅನುಮತಿ ಪಡೆದು ಹೊರಗಿನ ಕೆಲಸ ಮಾಡಬಹುದು ಎಂದವು. ಎರಡೂ ಕಡೆ ಪ್ರಶ್ನೆ ಒಂದೇ: ನಿನ್ನನ್ನು ನಂಬಿಕೊಂಡವರಿಗೆ ಅದು ಗೊತ್ತಿದೆಯೇ?

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಯಾವ ಕಾಲೇಜಿನ ಯಾವ ಫೆಸ್ಟ್‌ಗೆ ಹೋದರೂ ಡ್ಯಾನ್ಸ್‌ನಲ್ಲಿ, ನಾಟಕದಲ್ಲಿ, ಹ್ಯಾಕಥಾನ್‌ನಲ್ಲಿ, ನಿರೂಪಣೆಯಲ್ಲಿ ಅವೇ ಐದಾರು ಮುಖ. ‘ಅವಳಿದ್ದರೆ ಟೆನ್ಷನ್ ಇಲ್ಲ’ ಎಂದು ಸಂಘಟಕರೂ ಅವರನ್ನೇ ಕರೆಯುತ್ತಾರೆ. ಕರೆಸಿಕೊಂಡವರಿಗೆ ಅದು ಹೆಮ್ಮೆ. ಆದರೆ ನಾವು ಎರಡನೇ ಕುರ್ಚಿಯಲ್ಲಿ ಕೂತಾಗ ಒಬ್ಬರು ಬಾಗಿಲ ಹೊರಗೆ ನಿಂತಿರುತ್ತಾರೆ. ಸಣ್ಣ ಜಿಮ್‌ಗೆ ಜನರ ಕೊರತೆ ಇದೆ ಸರಿ. ಸಾವಿರಾರು ವಿದ್ಯಾರ್ಥಿಗಳಿರುವ ಕಾಲೇಜಿಗೂ ಅದೇ ಕೊರತೆ ಎಂದರೆ ನಂಬುವುದು ಹೇಗೆ?

ಹಾಗಾಗಿ ಎರಡು ತಂಡ ಸೇರಲು ಹೊರಟವರಿಗೆ ನನ್ನ ಅನುಭವದಿಂದ ಮೂರು ಮಾತು. ಸೇರುವ ಮೊದಲೇ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ವೇಳಾಪಟ್ಟಿ ಮಾಡಿಸಿ. ಎರಡೂ ಕಡೆ ಭಾರ ಹೊರುವ ಜಾಗ ಒಪ್ಪಿಕೊಳ್ಳಬೇಡಿ. ಒಂದು ಕಡೆ ಕೆಳಸಾಲಿದ್ದರೆ ಇನ್ನೊಂದು ಕಡೆ ನೀವಿಲ್ಲದಿದ್ದರೂ ನಡೆಯುವ ಜಾಗ ಇರಲಿ, ನಿಮ್ಮ ಬದಲಿಗೆ ನಿಲ್ಲಬಲ್ಲವರನ್ನು ನೀವೇ ತಯಾರು ಮಾಡಿ. ಆಗುತ್ತಿಲ್ಲ ಎಂದರೆ ಆ ದಿನವೇ, ಆ ಕ್ಷಣವೇ ಬಾಯಿಬಿಟ್ಟು ಹೇಳಿ. ಇದರಲ್ಲಿ ಕ್ಯಾಪ್ಟನ್‌ಗಳ, ಅಧ್ಯಾಪಕರ ಪಾಲೂ ಇದೆ. ‘ಸುಸ್ತಾಗಿದೆ’ ಎಂದವರನ್ನು ಎಲ್ಲರೆದುರು ಹಂಗಿಸಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಈ ವರ್ಷ ನಾನು ಡೊಳ್ಳು ತಂಡದಲ್ಲಿ ಮಾತ್ರ ಇದ್ದೇನೆ. ವೆಸ್ಟರ್ನ್ ತಂಡದಲ್ಲಿ ನನ್ನ ಜಾಗಕ್ಕೆ ಬಂದಿರುವ ಹುಡುಗಿ ನನಗಿಂತ ಚೆನ್ನಾಗಿ ಕುಣಿಯುತ್ತಾಳೆ. ಹೋದ ವರ್ಷವೂ ಅವಳು ಇದೇ ಕಾಲೇಜಿನಲ್ಲಿದ್ದಳು. ರೆಸ್ಯೂಮೆಯಲ್ಲಿ ಈ ವರ್ಷಕ್ಕೆ ಒಂದೇ ಸಾಲು.

ಕೈ ಮುರಿದುಕೊಂಡಿದ್ದ ಜೂನಿಯರ್ ವಾಪಸ್ ಬಂದಿದ್ದಾಳೆ. ಹೋದ ವಾರ ಮತ್ತೆ ನನ್ನ ಹೆಗಲ ಮೇಲೆ ಹತ್ತಿದಳು. ಈಗ ಪ್ರತಿ ಸಲ ಹತ್ತುವ ಮೊದಲು ಒಂದು ಪ್ರಶ್ನೆ ಕೇಳುತ್ತಾಳೆ: ‘ಇವತ್ತು ಕಾಲು ಹೇಗಿದೆ ಅಕ್ಕಾ?’ ಮೊನ್ನೆ ಒಂದು ದಿನ ‘ಇವತ್ತು ಬೇಡ’ ಎಂದೆ. ಅವಳು ಸುಮ್ಮನೆ ಡೊಳ್ಳು ಎತ್ತಿಕೊಂಡು ನನ್ನ ಪಕ್ಕದಲ್ಲಿ ನೆಲದ ಮೇಲೇ ನಿಂತು ಬಾರಿಸಿದಳು.