‘ಮನ್ಯಾಗ ಇರ್ತಾಳ’ ಎಂಬ ಲೆಕ್ಕ

ಸಮೀಕ್ಷೆಯವರು ಬಾಗಿಲಿಗೆ ಬಂದರೆ ನಮ್ಮ ಕಡೆ ಉತ್ತರ ಕೊಡಲು ಮುಂದೆ ಬರುವವರು ಸಾಮಾನ್ಯವಾಗಿ ಗಂಡಸರು. ‘ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ?’ ಎಂದರೆ, ‘ಆಕಿ ಏನೂ ಮಾಡೂದಿಲ್ರಿ, ಮನ್ಯಾಗ ಇರ್ತಾಳ’ ಎಂಬ ಮಾತು ಸಿದ್ಧವಾಗಿರುತ್ತದೆ. ಇದೇ ಮಾತು ವರದಕ್ಷಿಣೆಯ ಚೌಕಾಶಿಯಲ್ಲಿ ‘ಕುಂತು ಉಣ್ಣಾಕಿನ್ನ ನಾವು ಜೀವನಪೂರ್ತಿ ಸಾಕಬೇಕಲ್ಲ’ ಎಂದಾಗುತ್ತದೆ. ಹೊಡೆತ ತಿಂದು ತವರಿಗೆ ಬಂದವಳು ಪರಿಹಾರ ಕೇಳಿದಾಗ ‘ಈಕೆಗೆ ಯಾವ ಸಂಪಾದನೆ ಇತ್ತು, ಯಾವ ನಷ್ಟವಾಯಿತು?’ ಎಂದಾಗುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ ನಾನು ಈ ಸಂಚಿಕೆಯಲ್ಲಿ ಅಂಕಿ-ಅಂಶಗಳ ಬಗ್ಗೆ ಬರೆಯುತ್ತಿರುವುದು ಅದಕ್ಕಾಗಿಯೇ. ಲೆಕ್ಕದಲ್ಲಿ ಇಲ್ಲದವಳಿಗೆ ಬೆಲೆಯೂ ಇಲ್ಲ ಎಂದು ಈ ಸಮಾಜ ನಂಬಿದೆ.

ಲೆಕ್ಕ ಹೇಗೆ ಮಾಡುತ್ತಾರೆ ಎಂಬುದನ್ನು ಮೊದಲು ತಿಳಿಯೋಣ. ಹದಿನೈದು ವರ್ಷ ದಾಟಿದವರನ್ನು ಮೂರು ಗುಂಪು ಮಾಡುತ್ತಾರೆ: ಕೆಲಸದಲ್ಲಿರುವವರು, ಕೆಲಸವಿಲ್ಲದೆ ಅದನ್ನು ಹುಡುಕುತ್ತಿರುವವರು ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವವರು, ಇವೆರಡೂ ಅಲ್ಲದವರು. ಮೊದಲ ಎರಡು ಗುಂಪು ಸೇರಿದರೆ ಅದು ‘ಕಾರ್ಮಿಕ ಬಲ’. ನಿರುದ್ಯೋಗದ ಪ್ರಮಾಣವನ್ನು ಈ ಕಾರ್ಮಿಕ ಬಲದೊಳಗೆ ಮಾತ್ರ ಲೆಕ್ಕ ಹಾಕುತ್ತಾರೆ, ಇಡೀ ಜನಸಂಖ್ಯೆಯಲ್ಲಿ ಅಲ್ಲ.

ಒಂದು ಓಣಿಯಲ್ಲಿ ಹತ್ತು ಹೆಂಗಸರಿದ್ದಾರೆ ಎಂದುಕೊಳ್ಳಿ. ಮೂವರು ಕೂಲಿಗೆ ಹೋಗುತ್ತಾರೆ, ಒಬ್ಬಳು ಕೆಲಸ ಹುಡುಕುತ್ತಿದ್ದಾಳೆ, ಆರು ಜನ ‘ಮನೆಯಲ್ಲಿದ್ದಾರೆ’. ಕಾರ್ಮಿಕ ಬಲ ನಾಲ್ಕು, ಅಂದರೆ ಶೇ. ೪೦. ನಾಲ್ವರಲ್ಲಿ ಒಬ್ಬಳಿಗೆ ಕೆಲಸವಿಲ್ಲ, ನಿರುದ್ಯೋಗ ಶೇ. ೨೫. ಹುಡುಕಿ ಬೇಸತ್ತು, ಅಥವಾ ಗಂಡ ಹೊರಗೆ ಬಿಡದೆ, ಆಕೆ ಹುಡುಕುವುದನ್ನೇ ನಿಲ್ಲಿಸುತ್ತಾಳೆ. ಮರುದಿನವೇ ನಿರುದ್ಯೋಗ ಸೊನ್ನೆ! ಯಾರಿಗೂ ಕೆಲಸ ಸಿಗಲಿಲ್ಲ, ನಿರುದ್ಯೋಗ ಮಾತ್ರ ಮಾಯವಾಯಿತು. ಹೆಂಗಸರ ನಿರುದ್ಯೋಗ ಕಡಿಮೆ ಎಂಬ ಸುದ್ದಿ ಓದಿದಾಗ, ಸೋತು ಸುಮ್ಮನಾದವರು ಎಷ್ಟು ಎಂದು ಕೇಳಬೇಕಾದದ್ದು ಇದಕ್ಕೆ.

ನಮ್ಮ ಹಾವೇರಿ ಜಿಲ್ಲೆಯನ್ನೇ ನೋಡಿ. ಬ್ಯಾಡಗಿಯಲ್ಲಿ ಸುಗ್ಗಿ ಬಂದರೆ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತುಂಬು ಬಿಡಿಸುವವರು ಹೆಂಗಸರು. ಕೈ ಉರಿ, ಕಣ್ಣುರಿ, ಕೆಮ್ಮು ಅವರಿಗೆ. ೨೦೧೧ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹೆಸರು ಕಾಯಿಗೆ. ಸುಗ್ಗಿ ಮುಗಿದರೆ ಕೆಲಸವೂ ಮುಗಿಯಿತು. ವರ್ಷದಲ್ಲಿ ಆರು ತಿಂಗಳು ತುಂಬದ ದುಡಿಮೆ ಜನಗಣತಿಯಲ್ಲಿ ‘ಅಂಚಿನ ಕೆಲಸ’. ರಾಣೆಬೆನ್ನೂರಿನ ಹೈಬ್ರಿಡ್ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಮಾಡುವ ಕೈಗಳೂ ಹೆಚ್ಚಾಗಿ ಹೆಂಗಸರವು, ಹುಡುಗಿಯರವು. ಹತ್ತಿಯ ಮೊಗ್ಗಿನ ಕೇಸರ ಹಿಂದಿನ ದಿನವೇ ತೆಗೆದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ಹೊಲ ಸ್ವಂತದ್ದಾದರೆ ಆಕೆ ಸಮೀಕ್ಷೆಯ ಭಾಷೆಯಲ್ಲಿ ‘ಕೂಲಿಯಿಲ್ಲದ ಸಹಾಯಕಿ’. ಬೀಜದ ಹಣ ಸೇರುವುದು ಯಜಮಾನನ ಕೈಗೆ.

ರೊಟ್ಟಿಯ ಲೆಕ್ಕವಂತೂ ಇನ್ನೂ ಸೋಜಿಗ. ಮಾರಾಟಕ್ಕೆ ಖಡಕ್ ರೊಟ್ಟಿ ಬಡಿದರೆ ಕೆಲಸ. ಅದೇ ಕೈ, ಅದೇ ಹಂಚು, ಮನೆಯ ಹತ್ತು ಜನಕ್ಕೆ ಬಡಿದರೆ ಕೆಲಸವಲ್ಲ. ಉರುವಲು ಆರಿಸಿ ತರುವವಳನ್ನೂ ಮನೆಗೆಲಸದವರ ಸಾಲಿಗೇ ಸೇರಿಸಿ, ಕಾರ್ಮಿಕ ಬಲದ ಹೊರಗಿಡುತ್ತಾರೆ.

ಕೇಂದ್ರ ಸರ್ಕಾರ ೨೦೧೭ರಲ್ಲಿ ಆರಂಭಿಸಿದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದ ಮಹಿಳೆಯರ ಪಾಲ್ಗೊಳ್ಳುವಿಕೆ ೨೦೧೭-೧೮ರಲ್ಲಿ ಶೇ. ೨೩.೩ ಇದ್ದದ್ದು ೨೦೨೩-೨೪ರಲ್ಲಿ ಶೇ. ೪೧.೭ಕ್ಕೆ ಏರಿತು. ಸಂತೋಷ. ಆದರೆ ಆ ವರ್ಷ ದುಡಿಯುವ ಹೆಂಗಸರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಜನ ಮನೆಯ ಹೊಲ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿದವರು. ವಾರದ ಲೆಕ್ಕದಲ್ಲಿ ಏಳು ದಿನದೊಳಗೆ ಒಂದು ಗಂಟೆ ಕೆಲಸ ಮಾಡಿದರೂ ‘ಉದ್ಯೋಗಿ’. ಹೀಗಾಗಿ ಸಂಖ್ಯೆ ಏರಿದ ಮಾತ್ರಕ್ಕೆ ಹೆಂಗಸಿನ ಕೈಗೆ ದುಡ್ಡು ಬಂದಿದೆ ಎಂದಲ್ಲ. ೨೦೨೪ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ೨೮೯ ನಿಮಿಷ ಸವೆಸಿದರೆ, ಅದನ್ನು ಮಾಡುವ ಗಂಡಸರು ಸವೆಸಿದ್ದು ೮೮ ನಿಮಿಷ.

ಈ ಲೆಕ್ಕ ದೇವರು ಬರೆದದ್ದಲ್ಲ, ಜಗಳವಾಡಿ ಬದಲಿಸಿದ ಉದಾಹರಣೆ ನಮ್ಮಲ್ಲಿದೆ. ಮಹಿಳಾ ಸಂಘಟನೆಗಳ, ಸ್ತ್ರೀವಾದಿ ಅರ್ಥಶಾಸ್ತ್ರಜ್ಞೆಯರ ಒತ್ತಾಯದಿಂದಲೇ ೧೯೯೧ರ ಜನಗಣತಿಯ ಪ್ರಶ್ನೆಯಲ್ಲಿ ‘ಹೊಲದಲ್ಲಿ, ಮನೆಯ ಉದ್ಯಮದಲ್ಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರಿದಂತೆ’ ಎಂಬ ಅರ್ಥದ ಮಾತು ಸೇರಿತು. ೨೦೦೧ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ‘ದುಡಿಯದವರು’ ಎಂದು ಸೇರಿಸಿದ್ದನ್ನು ಸುಪ್ರೀಂ ಕೋರ್ಟ್ ೨೦೧೦ರಲ್ಲಿ, ಅರುಣ್ ಕುಮಾರ್ ಅಗರ್‌ವಾಲ್ ಪ್ರಕರಣದ ತೀರ್ಪಿನಲ್ಲಿ, ಕಟುವಾಗಿ ಟೀಕಿಸಿತು.

ದುಡಿಮೆ ಲೆಕ್ಕಕ್ಕೆ ಬಂದರೆ ಹೊಡೆತ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಶನಿವಾರದ ಕೂಲಿಯನ್ನು ಗಂಡ ಕಸಿದುಕೊಂಡು ಹೋದ ಕತೆ ಹೇಳಲು ನಮ್ಮ ಸಭೆಗಳಿಗೆ ಬರುವವರು ದುಡಿಯುವ ಹೆಂಗಸರೇ. ಆದರೆ ೨೦೦೫ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಆರ್ಥಿಕ ಹಿಂಸೆಯನ್ನೂ ಹಿಂಸೆ ಎನ್ನುತ್ತದೆ. ಅದರ ೨೦ನೇ ಕಲಮಿನಡಿ ಸಂಪಾದನೆಯ ನಷ್ಟಕ್ಕೂ ಪರಿಹಾರ ಕೇಳಬಹುದು. ಕೇಳಬೇಕಾದರೆ ಆಕೆ ದುಡಿಯುತ್ತಿದ್ದಳು ಎಂಬುದಕ್ಕೆ ಏನಾದರೂ ಗುರುತು ಬೇಕು.

ಆದ್ದರಿಂದ ಸಂಘದ ಗೆಳತಿಯರಲ್ಲಿ ನನ್ನ ಕೇಳಿಕೆ ಎರಡು. ಒಂದು, ಪ್ರತಿ ಸಂಘದಲ್ಲೂ ಒಂದು ನೋಟ್‌ಬುಕ್ ಇಡಿ. ಯಾರು, ಯಾವ ದಿನ, ಎಲ್ಲಿ, ಎಷ್ಟು ಕೂಲಿಗೆ ದುಡಿದರು, ಹಣ ಯಾರ ಕೈ ಸೇರಿತು ಎಂದು ಬರೆಯಿರಿ. ಓದು ಬಾರದವರದನ್ನು ಬಂದವರು ಬರೆಯಲಿ. ಎರಡು, ೨೦೨೧ರಲ್ಲಿ ನಡೆಯಬೇಕಿದ್ದ ಜನಗಣತಿ ೨೦೨೭ಕ್ಕೆ ಹೋಗಿದೆ. ಗಣತಿಯವರು ಬರಲಿ, ಸಮೀಕ್ಷೆಯವರು ಬರಲಿ, ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬನ್ನಿ. ‘ನಾ ತುಂಬು ಬಿಡಸ್ತೀನ್ರಿ, ಹೊಲದಾಗ ದುಡಿತೀನ್ರಿ, ಬರಕೊಳ್ರಿ’ ಎಂದು ನಿಮ್ಮ ಬಾಯಿಂದಲೇ ಹೇಳಿ.