ಕಾವಲಿಗೊಂದು ಕಾವಲು
ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಇರುಳಿನಲ್ಲಿ ಮಾಳವೇರಿ ಹಂದಿ ಕಾಯುವ ರೈತನು ನೆರೆಗದ್ದೆಯವನ ‘ಕೂ’ ಎಂಬ ಕರೆಗೆ ಓಗೊಡದಿದ್ದರೆ ನಿದ್ರಿಸಿರುವನೆಂದೇ ಅರ್ಥ. ಅವನು ತೂಕಡಿಸಿದರೆ ಹೋಗುವುದು ಪೈರು. ಹಡಗು ನಡೆಸುವವನು ತೂಕಡಿಸಿದರೆ ಹೋಗುವುದು ಪ್ರಾಣ. ನಡುಗಡಲಿನಲ್ಲಿ ನೆರೆಯವರೆಲ್ಲಿ? ಅಲ್ಲಿ ‘ಕೂ’ ಹಾಕುವುದು ಯಂತ್ರ.

150 ಟನ್ನಿಗೆ ಮೇಲ್ಪಟ್ಟ ಹೊಸ ಸರಕು ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮವು 2011ರಿಂದ ಇದನ್ನು ಕಡ್ಡಾಯ ಮಾಡಿದೆ. 3ರಿಂದ 12 ನಿಮಿಷಗಳೊಳಗಿನ ಗೊತ್ತಾದ ಅವಧಿಗೊಮ್ಮೆ ದೀಪ ಮಿನುಗುತ್ತದೆ. ಗುಂಡಿ ಒತ್ತದಿದ್ದರೆ 15 ಸೆಕೆಂಡುಗಳಲ್ಲಿ ಗಂಟೆ ಮೊಳಗುತ್ತದೆ. ಮತ್ತೆ 15 ಸೆಕೆಂಡು ಕಳೆದರೆ ಕಪ್ತಾನನನ್ನೋ ಬದಲಿ ಅಧಿಕಾರಿಯನ್ನೋ ಎಬ್ಬಿಸುತ್ತದೆ.

ಆದರೆ ಯಂತ್ರವು ಅರಿಯುವುದು ಕೈಯ ಚಲನೆಯನ್ನು ಮಾತ್ರ. ಅಭ್ಯಾಸಬಲದಿಂದ ಗುಂಡಿ ಒತ್ತಿದವನ ಕಣ್ಣು ಎದುರು ಬರುವ ಹಡಗನ್ನು ಕಾಣದಿರಬಹುದು. ನಾವಿಕನಿಗೆ ದಿನಕ್ಕೆ ಕನಿಷ್ಠ 10 ಗಂಟೆಗಳ ವಿಶ್ರಾಂತಿ ಸಲ್ಲಬೇಕೆಂಬ ನಿಯಮವೂ ಉಂಟು. ಅದನ್ನು ನಡೆಸಿದ ಹಡಗಿನಲ್ಲಿ ಗಂಟೆಗೆ ಕೆಲಸ ಕಡಿಮೆ.