ಮೊದಲು ತೂಕ ಹಾಕಿ, ಆಮೇಲೆ ಕಥೆ ಹೇಳಿ

ನಾನು ಹೊಟ್ಟೆಪಾಡಿಗೆ ಕೋಡ್ ಕುಟ್ಟುವವನು. ಬಯಾಲಜಿಗೆ ಪಿಯುಸಿಯಲ್ಲೇ ಕೈ ಮುಗಿದವನು. ಆದರೂ ಈ ಎಪಿಜೆನೆಟಿಕ್ಸ್ ಬರಹಗಳನ್ನು ಓದಿದಾಗಲೆಲ್ಲ ಮೈ ಉರಿಯುತ್ತೆ. "ಗುರುತು ಬಿತ್ತು, ಜೀನ್ ಆನ್ ಆಯ್ತು" ಅಂತ ಬರೆದು ಮುಗಿಸ್ತಾರೆ. ಗುರುತು ಬಿದ್ದಿದ್ದು ಗೊತ್ತಾಗಿದ್ದು ಹೇಗೆ ಸ್ವಾಮಿ? ಅದನ್ನು ಮಾತ್ರ ಯಾರೂ ಹೇಳಲ್ಲ!

ವಿಷಯ ಇಷ್ಟು. ನಮ್ಮ ಡಿಎನ್‌ಎ ಹಿಸ್ಟೋನ್ ಅನ್ನೋ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತೆ. ಎಂಟು ಹಿಸ್ಟೋನ್ ಸೇರಿದ ಒಂದೊಂದು ಉಂಡೆಗೆ ಸುಮಾರು 147 ಅಕ್ಷರ-ಜೋಡಿ. ಹಿಸ್ಟೋನಿನ ಬಾಲಕ್ಕೆ ಮೀಥೈಲ್, ಅಸಿಟೈಲ್ ಥರದ ತುಣುಕುಗಳು ಅಂಟುತ್ತವೆ. ಎಚ್3 ಹಿಸ್ಟೋನಿನ 4ನೇ ಲೈಸಿನ್‌ಗೆ ಮೂರು ಮೀಥೈಲ್ ಅಂಟಿದ್ದರೆ ಪಕ್ಕದ ಜೀನ್ ಸಾಮಾನ್ಯವಾಗಿ ಎಚ್ಚರವಾಗಿರುತ್ತೆ. 27ನೆಯದಕ್ಕೆ ಅಂಟಿದ್ದರೆ ಮಲಗಿರುತ್ತೆ.

ಇದನ್ನೆಲ್ಲ ಹೆಚ್ಚಾಗಿ ಪತ್ತೆ ಹಚ್ಚೋದು ಆಂಟಿಬಾಡಿ ಬಳಸಿ. 2011ರಲ್ಲಿ 200ಕ್ಕೂ ಹೆಚ್ಚು ಇಂಥ ಆಂಟಿಬಾಡಿಗಳನ್ನು ಪರೀಕ್ಷೆಗೆ ಕೂರಿಸಿದರು. ಶೇ. 25ಕ್ಕೂ ಹೆಚ್ಚು, ತಮ್ಮ ಗುರುತನ್ನಷ್ಟೇ ಹಿಡಿಯುವ ಪರೀಕ್ಷೆಯಲ್ಲಿ ಫೇಲು! ನಾಲ್ಕರಲ್ಲೊಂದು ಟೆಸ್ಟ್ ಕೇಸ್ ಬಿದ್ದರೆ ನಾವು ರಿಲೀಸ್ ಮಾಡ್ತೀವಾ? ಮ್ಯಾನೇಜರ್ ಬಿಡ್ತಾನಾ?

ಪ್ರೋಟಿಯೋಮಿಕ್ಸ್‌ನವರ ಮಾಸ್ ಸ್ಪೆಕ್ಟ್ರೋಮೀಟರ್ ಮುಖ ನೋಡಿ ಮಣೆ ಹಾಕಲ್ಲ, ತೂಕ ನೋಡುತ್ತೆ. ಮೂರು ಮೀಥೈಲ್ ಸೇರಿದರೆ 42.047 ಡಾಲ್ಟನ್ ಹೆಚ್ಚುತ್ತೆ, ಒಂದು ಅಸಿಟೈಲ್ ಸೇರಿದರೆ 42.011. ವ್ಯತ್ಯಾಸ ಬರೀ 0.036! ಒಳ್ಳೆ ಯಂತ್ರ ಅದನ್ನೂ ಬೇರೆ ಮಾಡುತ್ತೆ. ಇನ್ನೊಂದು ಮಾತು: ಆಂಟಿಬಾಡಿ ಮಾಡಿಸೋಕೆ ಗುರುತು ಮೊದಲೇ ಗೊತ್ತಿರಬೇಕು. ತಕ್ಕಡಿಗೆ ಆ ಹಂಗಿಲ್ಲ. ಹಿಸ್ಟೋನಿನ ಕ್ರೋಟೋನೈಲ್ ಗುರುತು 2011ರಲ್ಲಿ ಸಿಕ್ಕಿದ್ದು ಹೀಗೇ.

"ಆ ಗುರುತು ಯಾವ ಜೀನ್ ಮೇಲಿತ್ತು ಅಂತ ನಿಮ್ಮ ಯಂತ್ರ ಹೇಳುತ್ತಾ?" ಅಂತ ಕೇಳಬಹುದು. ತಾನಾಗಿ ಹೇಳಲ್ಲ. ಹಿಸ್ಟೋನನ್ನು ಡಿಎನ್‌ಎಯಿಂದ ಬಿಡಿಸಿ, ತುಂಡು ಮಾಡಿ ತೂಗೋದರಿಂದ ವಿಳಾಸ ಕಳೆದುಹೋಗುತ್ತೆ. ವಿಳಾಸಕ್ಕೆ ಆಂಟಿಬಾಡಿ ಬೇಕು, ಒಪ್ಪಿದೆ. ಆದರೆ ವಿಳಾಸ ಹೇಳುವ ಪೋಸ್ಟ್‌ಮ್ಯಾನ್‌ಗೆ ಓದೋಕೆ ಬರುತ್ತಾ ಅಂತ ಮೊದಲು ನೋಡಬೇಡವೇ?

ಇದು ಬರೀ ಲ್ಯಾಬಿನವರ ಜಗಳ ಅಲ್ಲ. ಅಸಿಟೈಲ್ ಕಿತ್ತುಹಾಕುವ ಕಿಣ್ವಗಳನ್ನು ತಡೆಯುವ ವೋರಿನೋಸ್ಟ್ಯಾಟ್‌ಗೆ 2006ರಲ್ಲೇ ಅಮೆರಿಕದಲ್ಲಿ ಒಂದು ಬಗೆಯ ಚರ್ಮದ ಲಿಂಫೋಮಾಗೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಇಂಥ ಔಷಧಿ ಹುಡುಕುವಾಗ ಅಳತೆಗೋಲೇ ಸೊಟ್ಟಗಿದ್ದರೆ ಕಳೆದುಕೊಳ್ಳೋದು ಕಾಯುತ್ತಿರುವ ರೋಗಿ.

ಅದಕ್ಕೇ ಗೆಳೆಯರೇ, ಇನ್ನು ಮುಂದೆ ಜೀನ್ ಆನ್-ಆಫ್ ಕಥೆ ಬರೆಯುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಳೆದದ್ದು ಯಾವುದರಿಂದ, ಅದನ್ನು ಪರೀಕ್ಷಿಸಿದ್ದು ಯಾರು? ಉತ್ತರ ಸಿಗದಿದ್ದರೆ ಆ ಕಥೆ ಬರೆಯಬೇಡಿ.